ಅಲ್ಪವಿರಾಮದಮ್ಮ ಮತ್ತು ಒಂದು ಓರೆಗೆರೆ

ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದ ಆಕೆಗೆ ಅಲ್ಪವಿರಾಮದಮ್ಮ ಎಂದು ಹೆಸರು ಬೀಳಲು ಎರಡು ಕಾರಣ. ಅವರ ಕಣ್ಣು ತಪ್ಪಿಸಿ ಒಂದೇ ಒಂದು ಅಲ್ಪವಿರಾಮವೂ ಆ ಅಚ್ಚುಕೂಟದ ಹೊಸ್ತಿಲು ದಾಟಿದ್ದಿಲ್ಲ ಎಂಬುದು ಮೊದಲನೆಯದು. ಜೀವಮಾನದಲ್ಲಿ ಅವರು ತೆಗೆದುಕೊಂಡ ವಿರಾಮವೂ ಅಷ್ಟೇ ಅಲ್ಪ ಎಂಬುದು ಎರಡನೆಯದು. ಅವರು ಖರ್ಚು ಮಾಡಿದ ಕೆಂಪು ಶಾಯಿಯನ್ನೆಲ್ಲ ಒಂದು ಕಡೆ ಸುರಿದಿದ್ದರೆ ಹಡಗು ತೇಲಿಸಬಹುದಿತ್ತು. ದಡದಲ್ಲಿ ನಿಂತು ಹಡಗಿನ ಹೆಸರಿನ ಕಾಗುಣಿತವನ್ನೂ ಅವರು ತಿದ್ದುತ್ತಿದ್ದರು. ಹೆರಿಗೆಗೆ ಹೋದಾಗ ವಾರ್ಡಿನ ಬಾಗಿಲ ಮೇಲೆ ‘ನಿಶ್ಯಬ್ದ’ ಎಂದು ಬರೆದದ್ದನ್ನು ಕಂಡು, ನೋವಿನ ನಡುವೆಯೇ ನರ್ಸನ್ನು ಕರೆದು ಅದನ್ನು ‘ನಿಶ್ಶಬ್ದ’ ಮಾಡಿಸಿ, ಆಮೇಲೆಯೇ ಹೆತ್ತರು. ಹುಟ್ಟಿದ ಮಗಳು ಆ ಬೋರ್ಡಿಗೆ ಮರ್ಯಾದೆ ಕೊಟ್ಟು ಎರಡು ದಿನ ಅಳಲೇ ಇಲ್ಲ ಎಂಬುದು ಅವರ ಯಜಮಾನರ ಸೇರ್ಪಡೆ. ಅದಕ್ಕೆ ಬೇರೆ ಸಾಕ್ಷಿಯಿಲ್ಲ.

ಯಜಮಾನರು ಲಿಫ್ಟ್ ತಪಾಸಣೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಮೇಲೆ ಹೋದವರೆಲ್ಲ ಸುರಕ್ಷಿತವಾಗಿ ಕೆಳಗೆ ವಾಪಸ್ ಬಂದದ್ದು ತಮ್ಮ ಸಹಿಯ ಬಲದಿಂದ, ಇಂಥ ಭರವಸೆಯನ್ನು ಬೇರೆ ಯಾವ ದೊಡ್ಡವರೂ ಕೊಡುವುದಿಲ್ಲ ಎಂದು ನಂಬಿದವರು. ಗಂಡ ಹೆಂಡತಿ ಇಬ್ಬರದ್ದೂ ಸಹಿ ಹಾಕುವ ಕಸುಬೇ ಆದ್ದರಿಂದ ಆ ಮನೆಯಲ್ಲಿ ಹಾಲಿನ ಚೀಟಿಯನ್ನು ಕೂಡ ಇಬ್ಬರೂ ಪರಿಶೀಲಿಸಿ ಸಹಿ ಮಾಡುತ್ತಿದ್ದರು.

ಅಚ್ಚುಕೂಟದಲ್ಲಿ ಪ್ರತಿ ಕರಡು ಹಾಳೆಯ ಬುಡದಲ್ಲಿ ಮೂರು ಪದಗಳಿರುತ್ತಿದ್ದವು. ಅಕ್ಷರ ಜೋಡಿಸಿದವನು ‘ಜೋಡಿಸಿದೆ’ ಎಂದು ಬರೆದು ಸಹಿ ಹಾಕಬೇಕು. ಕರಡು ತಿದ್ದುವವರು ‘ಓದಿದೆ’ ಎಂದು ಬರೆಯಬೇಕು. ಕೊನೆಗೆ ಮಾಲೀಕರು ‘ನೋಡಿದೆ’ ಎಂದು ಗೀಚುತ್ತಿದ್ದರು. ಮಾಲೀಕರು ಪಾಪ ನಿಜವನ್ನೇ ಬರೆಯುತ್ತಿದ್ದರು. ಅವರು ನೋಡುತ್ತಿದ್ದರು, ಅಷ್ಟೇ. ಹೊಸದಾಗಿ ಸೇರಿದ ಕರಡು ತಿದ್ದುವವರು ಯಾರಾದರೂ ಮರೆತು ‘ನೋಡಿದೆ’ ಎಂದು ಬರೆದರೆ ಅಲ್ಪವಿರಾಮದಮ್ಮ ಹಾಳೆಯನ್ನು ಅವರ ಮೂಗಿನವರೆಗೆ ತಂದು, “ನೋಡೋಕೆ ಇದೇನು ಸಿನಿಮಾನಾ? ಓದ್ರೀ. ಓದಿದ ಮೇಲೆ ‘ಓದಿದೆ’ ಅನ್ನಿ. ಆ ಪದದೊಳಗೆ ‘ನಾನು’ ಅನ್ನೋದು ಕೂತಿರತ್ತೆ. ನಾಳೆ ತಪ್ಪು ಬಂದ್ರೆ ಆ ‘ನಾನು’ ಎದ್ದು ಬಂದು ನಿಲ್ಲಬೇಕು” ಎನ್ನುತ್ತಿದ್ದರು. ಎಷ್ಟೋ ಜನ ಅಂದೇ ಬೇರೆ ಕೆಲಸ ಹುಡುಕಿಕೊಂಡರು.

ಆಮೇಲೆ ಕಂಪ್ಯೂಟರು ಬಂತು. ಬಂದ ಮೊದಲ ವಾರವೇ ಒಂದು ಸಭೆಯ ವರದಿಯಲ್ಲಿ ‘ಮುಖ್ಯ ಅತಿಥಿಗಳು ಕತ್ತೆತ್ತಿ ಸಭೆಯನ್ನು ನೋಡಿದರು’ ಎಂಬ ವಾಕ್ಯವನ್ನು ಅದು ತನಗೆ ತೋಚಿದಲ್ಲಿ ಕತ್ತರಿಸಿತು. ಒಂದು ಸಾಲಿನ ಕೊನೆಯಲ್ಲಿ ‘ಮುಖ್ಯ ಅತಿಥಿಗಳು ಕತ್ತೆ’ ಎಂದು ನಿಂತಿತು. ‘ತ್ತಿ’ ಕೆಳಗಿನ ಸಾಲಿಗೆ ಹೋಗಿ ತನಗೇನೂ ಗೊತ್ತಿಲ್ಲ ಎಂಬಂತೆ ಕೂತಿತು.

ಕಂಪ್ಯೂಟರು ಕೂರಿಸಲು ಬಂದಿದ್ದವನನ್ನು ಅಲ್ಪವಿರಾಮದಮ್ಮ ಹಿಡಿದು ನಿಲ್ಲಿಸಿದರು.

“ಇದನ್ನ ಹೀಗೆ ಕತ್ತರಿಸು ಅಂತ ಯಾರು ಹೇಳಿದ್ದು?”

“ಮಷೀನು ಅಮ್ಮಾ, ತಾನೇ ಮಾಡತ್ತೆ.”

“ಮಷೀನಿಗೆ ಯಾರು ಹೇಳಿದ್ದು?”

“ಪ್ರೋಗ್ರಾಮು.”

“ಪ್ರೋಗ್ರಾಮಿಗೆ?”

“ಯಾರೋ ಬರೆದಿರ್ತಾರೆ.”

“ಆ ಯಾರೋ ಬರೆದಿದ್ದನ್ನ ಇನ್ಯಾರಾದ್ರೂ ಓದಿದಾರಾ?”

ಅವನು ಕಾಲಿಗೆ ಬುದ್ಧಿ ಹೇಳಿದ. ಹೋಗುವ ಅವಸರದಲ್ಲಿ ಪ್ರೋಗ್ರಾಮು ಬರೆಯುವುದನ್ನು ಕಲಿಸುವ ದಿಂಬಿನಂಥ ಪುಸ್ತಕವೊಂದನ್ನು ಮೇಜಿನ ಮೇಲೆ ಬಿಟ್ಟ. ಅಲ್ಪವಿರಾಮದಮ್ಮ ಅದನ್ನು ಕೆಂಪು ಪೆನ್ನು ಹಿಡಿದು ಓದಿದರು. ಇನ್ನೂರ ಹನ್ನೆರಡು ಅಚ್ಚಿನ ತಪ್ಪು ಹುಡುಕಿ, ಪಟ್ಟಿ ಮಾಡಿ ಪ್ರಕಾಶಕರಿಗೆ ಕಳಿಸಿದರು. ಆ ಗಡಿಬಿಡಿಯಲ್ಲಿ ಪ್ರೋಗ್ರಾಮು ಬರೆಯುವುದೂ ಬಂದುಬಿಟ್ಟಿತು.

ಹಾಗೆ ಹುಟ್ಟಿದ್ದು ‘ಕತ್ತರಿ’. ಸಾಲನ್ನು ಎಲ್ಲಿ ಮುರಿಯಬಹುದು, ಎಲ್ಲಿ ಮುರಿಯಬಾರದು ಎಂದು ಹೇಳುವುದಷ್ಟೇ ಅದರ ಕೆಲಸ. ಬರೆದವರು ಅದನ್ನು ಬಚ್ಚಿಡಲಿಲ್ಲ. ಯಾರು ಬೇಕಾದರೂ ತೆಗೆದುಕೊಂಡು ಹೋಗಬಹುದು, ಬಿಚ್ಚಿ ಒಳಗೇನಿದೆ ಎಂದು ಓದಬಹುದು, ಇಲ್ಲಿ ತಪ್ಪಿದೆ ಎಂದು ತಿದ್ದಿ ವಾಪಸ್ ಕಳಿಸಬಹುದು. ಕಳಿಸಿದ್ದನ್ನು ಅಸಲಿಗೆ ಸೇರಿಸುವ ಬೀಗದ ಕೈ ಮಾತ್ರ ಅವರೊಬ್ಬರ ಹತ್ತಿರ ಇತ್ತು. ನಲವತ್ತೊಂದು ಅಕ್ಷರದ ಗುಪ್ತಪದ ಅದು. ಸೇರಿಸಿದ ಪ್ರತಿ ತಿದ್ದುಪಡಿಯ ಕೆಳಗೆ, ಲೋಕವೆಲ್ಲ ಕಾಣುವ ಹಾಗೆ, ಬರೆದವರ ಹೆಸರು, ಅದರ ಕೆಳಗೆ ‘ಓದಿದೆ – ಅಲ್ಪವಿರಾಮ’.

ಕತ್ತರಿ ಅಚ್ಚುಕೂಟ ಬಿಟ್ಟು ಹೊರಗೆ ಹೋಯಿತು. ಬಸ್ಸಿನ ಟಿಕೆಟ್ಟು, ಕರೆಂಟಿನ ಬಿಲ್ಲು, ರಕ್ತ ಪರೀಕ್ಷೆಯ ವರದಿ, ಔಷಧಿ ಡಬ್ಬಿಯ ಚೀಟಿ, ರೈಲು ನಿಲ್ದಾಣದ ಬೋರ್ಡು, ಎಲ್ಲೆಲ್ಲಿ ಸಾಲು ಮುರಿಯುತ್ತದೋ ಅಲ್ಲೆಲ್ಲ ಅದು ಸದ್ದಿಲ್ಲದೆ ಸೇರಿಕೊಂಡಿತು. ಅಲ್ಪವಿರಾಮದಮ್ಮ ನಿವೃತ್ತರಾಗಿ ನಾಲ್ಕನೇ ಮಹಡಿಯ ಮನೆಯ ಕಿಟಕಿ ಪಕ್ಕ ಮೇಜು ಹಾಕಿಕೊಂಡು ಕೂತಾಗ ಅರ್ಧ ಪ್ರಪಂಚದ ಸಾಲುಗಳು ಆ ಮೇಜಿನಿಂದಲೇ ಮುರಿಯುತ್ತಿದ್ದವು. ಆ ಮೇಜಿನ ಒಂದು ಕಾಲು ಕುಂಟು. ಅದರ ಕೆಳಗೆ ಮಡಿಸಿದ ರಟ್ಟು.

“ಎಷ್ಟು ಕಡೆ ಇದೆಯೇ ನಿನ್ನ ಕತ್ತರಿ?” ಎಂದು ಯಜಮಾನರು ಕೇಳುವರು.

“ಯಾರಿಗೆ ಗೊತ್ತು ರೀ. ತಗೊಂಡು ಹೋದೋರು ಹೇಳಿ ಹೋಗ್ತಾರಾ?”

“ಲಿಫ್ಟಾದ್ರೆ ಒಂದೊಂದಕ್ಕೂ ನಂಬರ್ ಇರತ್ತಪ್ಪ. ಯಾವ ಕಟ್ಟಡ, ಎಷ್ಟು ಜನ, ಯಾರ ಸಹಿ, ಎಲ್ಲಾ ಒಳಗೇ ಅಂಟಿಸಿರ್ತಾರೆ.”

“ನಿಮ್ಮ ಲಿಫ್ಟು ಎರಡೇ ದಿಕ್ಕಿಗೆ ಹೋಗೋದು, ಸುಮ್ನಿರಿ.”

ಈ ಕೆಲಸದಲ್ಲಿ ಅವರಿಗೆ ಒಬ್ಬ ಜೊತೆಗಾರ ಒದಗಿದ್ದ. ಪರದೆಯ ಮೇಲೆ ಅವನ ಹೆಸರು ಗುಬ್ಬಿ. ಎಲ್ಲೋ ದೂರದ ಹಿನ್ನೀರಿನಲ್ಲಿ ಜನರನ್ನು ದಾಟಿಸುವ ದೋಣಿಯ ಟಿಕೆಟ್ಟು ಕೊಡುವವನು ಎಂಬುದು ಬಿಟ್ಟರೆ ಅವನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಮುಖ ನೋಡಿಲ್ಲ, ಧ್ವನಿ ಕೇಳಿಲ್ಲ. ಮೂರು ವರ್ಷದಲ್ಲಿ ನೂರ ಹದಿನೆಂಟು ತಿದ್ದುಪಡಿ ಕಳಿಸಿದ್ದ, ಒಂದರಲ್ಲೂ ತಪ್ಪಿರಲಿಲ್ಲ. ಅವನು ಕಳಿಸಿದ್ದನ್ನು ಅಲ್ಪವಿರಾಮದಮ್ಮ ಮೊದಲ ವರ್ಷ ಮೂರು ಮೂರು ಸಲ ಓದಿದರು, ಎರಡನೇ ವರ್ಷ ಎರಡು ಸಲ, ಮೂರನೇ ವರ್ಷ ಒಂದೇ ಸಲ. ನಂಬಿಕೆಯ ತಟ್ಟೆ ಭಾರವಾಗಿ ಕೆಳಗಿಳಿದಷ್ಟೂ ಓದಿನ ತಟ್ಟೆ ಹಗುರಾಗಿ ಮೇಲೇರುತ್ತಿತ್ತು. ತಕ್ಕಡಿ ಹಿಡಿದವರಿಗೆ ಅದು ಕಾಣಲಿಲ್ಲ.

ನೂರ ಹತ್ತೊಂಬತ್ತನೆಯದು ಒಂದು ಬೆಳಿಗ್ಗೆ ಹತ್ತೂಕಾಲಿಗೆ ಬಂತು. ‘ಅಮ್ಮಾ, ನಮ್ಮ ದೋಣಿ ಟಿಕೆಟ್ಟಿನಲ್ಲಿ ದೂರು ಬರೆಯುವ ಜಾಲತಾಣದ ವಿಳಾಸ ತುಂಬಾ ಉದ್ದ. ಅಂಚು ದಾಟಿ ಅರ್ಧ ವಿಳಾಸ ನೀರಿಗೆ ಬೀಳುತ್ತೆ, ಜನ ನನ್ನನ್ನೇ ಬೈತಾರೆ. ಓರೆಗೆರೆ (/) ಬಂದಲ್ಲಿ ಸಾಲು ಮುರಿಯುವ ಹಾಗೆ ಮಾಡಿದ್ದೀನಿ. ಐದೇ ಸಾಲು.’

ಹತ್ತೂವರೆಗೆ ಯಜಮಾನರನ್ನು ರಕ್ತದೊತ್ತಡ ತೋರಿಸಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಅವರು ಆಗಲೇ ಹೊರಗೆ, ಲಿಫ್ಟಿನ ಬಾಗಿಲಿಗೆ ಒಂದು ಕಾಲು ಅಡ್ಡ ಕೊಟ್ಟು ನಿಂತಿದ್ದರು.

“ಲೇ, ಬಾರೇ! ಕೆಳಗಿನೋರು ಗುಂಡಿ ಒತ್ತಿ ಒತ್ತಿ ಬೈತಿದ್ದಾರೆ!”

“ಒಂದು ನಿಮಿಷ ರೀ!”

“ತಪಾಸಣೆ ಮಾಡೋನೇ ಲಿಫ್ಟ್ ಹಿಡ್ಕೊಂಡು ನಿಂತಿದಾನೆ ಅಂದ್ರೆ ನನ್ನ ಮಾನ ಏನಾಗ್ಬೇಕು?”

ಅಲ್ಪವಿರಾಮದಮ್ಮ ಆ ಐದು ಸಾಲಿನ ಮೇಲೆ ಕಣ್ಣು ಹಾಯಿಸಿದರು. ಗುಬ್ಬಿ ತಾನೇ, ಎಂದುಕೊಂಡರು. ‘ಓದಿದೆ’ ಎಂದು ಒತ್ತಿ, ಚೀಲ ಎತ್ತಿಕೊಂಡು ಓಡಿದರು. ಆ ಬದಲಾವಣೆ ಅಂದೇ ಕತ್ತರಿಯೊಳಗೆ ಸೇರಿತು. ಲೋಕದ ಯಾವ ತುದಿಯಲ್ಲೂ ಗುಡುಗು ಸಿಡಿಲು ಏನೂ ಆಗಲಿಲ್ಲ.

ಒಂದೂವರೆ ತಿಂಗಳು ಕಳೆಯಿತು. ಹೊಸ ಕತ್ತರಿ ಎಲ್ಲ ಕಡೆ ತಲುಪಿತು. ಮುಂದಿನ ಸಲ ಯಜಮಾನರು ಒಬ್ಬರೇ ಡಾಕ್ಟರ ಬಳಿ ಹೋದರು. ಡಾಕ್ಟರು ಮಾತ್ರೆ ಬದಲಾಯಿಸಿ, “ಇದು ಸ್ವಲ್ಪ ಜೋರಿನದು. ಎಷ್ಟು ತಗೋಬೇಕು ಅಂತ ಡಬ್ಬಿ ಮೇಲೆ ಬರೆದಿರ್ತಾರೆ” ಎಂದರು. ಬೀದಿ ಮೂಲೆಯ ಔಷಧಿ ಅಂಗಡಿಯವನು ಮಷೀನಿನಿಂದ ಚೀಟಿ ತೆಗೆದು ಡಬ್ಬಿಗೆ ಅಂಟಿಸಿ ಕೊಟ್ಟ. ನಾಲ್ಕನೇ ದಿನ ಬೆಳಿಗ್ಗೆ ಯಜಮಾನರು ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಿದ್ದವರು ಹಾಗೇ ಆಲೂಗಡ್ಡೆ ಚೀಲದ ಮೇಲೆ ಕುಸಿದು ಕೂತರು. ಅಂಗಡಿಯಾಕೆ ನೀರು ಚಿಮುಕಿಸಿ ಮನೆಗೆ ಫೋನು ಮಾಡಿದಳು.

ಅಲ್ಪವಿರಾಮದಮ್ಮ ಓಡಿ ಬಂದು ಅವರನ್ನು ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ಕಾಲನ್ನು ಎತ್ತರಕ್ಕಿಟ್ಟು ಮಲಗಿಸಿ ಒತ್ತಡ ನೋಡಿದರು; ನೆಲ ಮಹಡಿಗೆ ಇಳಿದಿತ್ತು.

“ಎಷ್ಟು ಮಾತ್ರೆ ತಗೋತಿದ್ದೀರಿ?”

“ಒಂದೇ ಡಾಕ್ಟ್ರೇ. ನಾನು ಯಾವಾಗ್ಲೂ ಹಿತಮಿತ.”

“ನಾನು ಬರೆದಿದ್ದು ಅರ್ಧ!”

“ಡಬ್ಬಿ ಮೇಲೆ ಒಂದು ಅಥವಾ ಎರಡು ಅಂತಿದೆಯಲ್ಲ. ಭಾನುವಾರ ಎರಡು ತಗೊಳ್ಳೋಣ ಅಂತ ಮನಸ್ಸಲ್ಲಿ ಇಟ್ಕೊಂಡಿದ್ದೆ.”

ಅಂದು ಶುಕ್ರವಾರ. ಡಾಕ್ಟರ ಮುಖದಿಂದ ಬಣ್ಣ ಇಳಿದುಹೋಯಿತು. ಅಲ್ಪವಿರಾಮದಮ್ಮ ಯಜಮಾನರ ಜೇಬಿನಿಂದ ಡಬ್ಬಿ ತೆಗೆದರು. ಚೀಟಿಯಲ್ಲಿ ಎರಡು ಸಾಲಿದ್ದವು.

ಬೆಳಿಗ್ಗೆ ತಿಂಡಿಯಾದ ಮೇಲೆ 1/
2 ಮಾತ್ರೆ

ಲಿಫ್ಟ್ ತಪಾಸಣೆಯ ಫಾರಮ್ಮುಗಳಲ್ಲಿ ‘ಹಗ್ಗ: ಸರಿ ಇದೆ/ಸರಿ ಇಲ್ಲ’, ‘ಬಾಗಿಲು: ಮುಚ್ಚುತ್ತದೆ/ಮುಚ್ಚುವುದಿಲ್ಲ’ ಎಂದು ಅಚ್ಚಾಗಿರುತ್ತಿತ್ತು; ಬೇಡದ್ದನ್ನು ಹೊಡೆದುಹಾಕಬೇಕು. ಮೂವತ್ತಾರು ವರ್ಷ ಅದನ್ನೇ ತುಂಬಿದ ಮನುಷ್ಯನಿಗೆ ಓರೆಗೆರೆ ಎಂದರೆ ‘ಅಥವಾ’. ಒಂದೇ ಸಾಲಿನಲ್ಲಿ ಒಟ್ಟಿಗೆ ಇದ್ದಿದ್ದರೆ ಅರ್ಧ ಎಂದು ಅವರಿಗೂ ಹೊಳೆಯುತ್ತಿತ್ತು. ಹೀಗೆ ಮೇಲೊಂದು ಕೆಳಗೊಂದು ಬಿದ್ದಾಗ, ಡಾಕ್ಟರು ಆಯ್ಕೆ ತಮಗೇ ಬಿಟ್ಟಿದ್ದಾರೆ ಎಂದು ಅವರು ಒಳಗೊಳಗೇ ಹೆಮ್ಮೆಪಟ್ಟಿದ್ದರು.

ಅಡುಗೆ ಮಾಡಿದವರಿಗೆ ತಮ್ಮ ಕೈಯ ಉಪ್ಪು ಗೊತ್ತಾಗುವ ಹಾಗೆ ಅಲ್ಪವಿರಾಮದಮ್ಮನಿಗೆ ಆ ಮುರಿತ ಯಾರದೆಂದು ಗೊತ್ತಾಯಿತು.

ಯಜಮಾನರು ಚೇತರಿಸಿಕೊಂಡ ಮೇಲೆ ಮನೆಗೆ ತಂದು ಮಲಗಿಸಿ, ಅವರು ಮೇಜಿಗೆ ಕೂತರು. ಹನ್ನೆರಡು ನಿಮಿಷದಲ್ಲಿ ಆ ಐದು ಸಾಲು ಕಿತ್ತುಹಾಕಿದರು. ಹೊಸ ಕತ್ತರಿ ಹೊರಬಿಟ್ಟರು. ‘ಅಂಕಿಗಳ ನಡುವಿನ ಓರೆಗೆರೆ ತಪ್ಪಾಗಿ ಮುರಿದಿದೆ, ನಮ್ಮ ಯಜಮಾನರೇ ಅದರಿಂದ ಕುಸಿದರು, ಔಷಧಿ ಚೀಟಿಗಳನ್ನು ಈಗಲೇ ಪರೀಕ್ಷಿಸಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ತಮ್ಮ ಫೋನ್ ನಂಬರು ಹಾಕಿ ಎಲ್ಲರಿಗೂ ಎಚ್ಚರಿಕೆ ಕಳಿಸಿದರು. ಬೀದಿ ಮೂಲೆಗೆ ತಾವೇ ಇಳಿದು ಹೋಗಿ ಅಂಗಡಿಯವನಿಂದ ನಲವತ್ತು ಮನೆಗೆ ಫೋನು ಮಾಡಿಸಿದರು. ಮಾಡುವುದೆಲ್ಲ ಮುಗಿಯಿತು.

ಮುಗಿಯದೆ ಉಳಿದದ್ದು ಒಂದೇ. ಆ ಐದು ಸಾಲಿನ ದಾಖಲೆ ಪರದೆಯ ಮೇಲೆ ಹಾಗೇ ಇತ್ತು. ಬರೆದದ್ದು – ಗುಬ್ಬಿ. ಓದಿದೆ – ಅಲ್ಪವಿರಾಮ. ಇಪ್ಪತ್ತೆರಡು ವರ್ಷದಲ್ಲಿ ಅಂಥ ನಾಲ್ಕು ಸಾವಿರ ‘ಓದಿದೆ’ಗಳಿದ್ದವು. ಆ ಪದವೊಂದೇ ಅವರ ಆಸ್ತಿ, ಪದವಿ, ಬಿರುದು ಎಲ್ಲ. ಈ ಒಂದು ಸುಳ್ಳು ಎಂದು ಒಪ್ಪಿಕೊಂಡರೆ ಉಳಿದವನ್ನು ಯಾರು ನಂಬುತ್ತಾರೆ? ಒಪ್ಪದೆ ಸುಮ್ಮನಿದ್ದರೆ ಲೋಕ ತಾನಾಗಿಯೇ ಗುಬ್ಬಿಯ ಕಡೆ ಬೆರಳು ತೋರಿಸುತ್ತದೆ. ಓದಿದವರ ಕಣ್ಣಿಗೂ ಮಣ್ಣೆರಚಿದ ಕಿಲಾಡಿ ಎನ್ನುತ್ತದೆ.

ತಮಾಷೆಯೆಂದರೆ ಆ ಮಧ್ಯಾಹ್ನ ತಪ್ಪಿಗೆ ವಾರಸುದಾರರ ಕೊರತೆಯೇ ಇರಲಿಲ್ಲ. ಮೊದಲು ಯಜಮಾನರು ಮಂಚದಿಂದಲೇ ಕೂಗಿದರು: “ಲೇ, ತಪ್ಪು ನಂದು ಕಣೇ. ಓದೋಕೆ ಬರದೇ ಇರೋನು ನಾನು. ನೀನು ಯಾರಿಗೂ ಏನೂ ಹೇಳೋಕೆ ಹೋಗ್ಬೇಡ. ನಾನಂತೂ ಬಾಯಿ ಬಿಡಲ್ಲ.” ಔಷಧಿ ಅಂಗಡಿಯವನು ಮಹಡಿ ಹತ್ತಿ ಬಂದು ಬಾಗಿಲಲ್ಲೇ ನಿಂತು, “ನಂದೇ ತಪ್ಪು ಅಮ್ಮಾ. ಅರ್ಧ ಅಂತ ಬಾಯಲ್ಲಿ ಹೇಳ್ಬೇಕಿತ್ತು. ಮಷೀನು ಬಂದ ಮೇಲೆ ನನ್ನ ಬಾಯಿಗೆ ಕೆಲಸವೇ ಇಲ್ಲ” ಎಂದ. ಅಷ್ಟರಲ್ಲಿ ಫೋನು ಬಂತು.

“ಅಮ್ಮಾ, ನಾನು ಗುಬ್ಬಿ.”

ದೊಡ್ಡ ಹಂಡೆಯೊಳಗೆ ಕಲ್ಲು ಉರುಳಿಸಿದಂಥ ಧ್ವನಿ. ಅಲ್ಪವಿರಾಮದಮ್ಮ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದರು.

“ಗುಬ್ಬಿನಾ? ನಾನು ಯಾರೋ ಸಣ್ಣ ಪ್ರಾಣಿ ಅಂದ್ಕೊಂಡಿದ್ದೆ!”

“ಆರಡಿ ಮೂರಂಗುಲ ಇದ್ದೀನಿ ಅಮ್ಮಾ. ದೋಣಿ ಒಂದು ಕಡೆ ವಾಲತ್ತೆ ಅಂತ ನಡುವೆ ಕೂರಿಸ್ತಾರೆ.” ಆಮೇಲೆ ಆ ಧ್ವನಿ ಸಣ್ಣಗಾಯಿತು. “ಯಜಮಾನ್ರು ಹೇಗಿದಾರೆ?”

“ಹಾಸಿಗೆಯಿಂದ ಅಧಿಕಾರ ಚಲಾಯಿಸ್ತಿದಾರೆ. ಹುಷಾರಾಗಿದಾರೆ ಅಂತ ಅರ್ಥ.”

“ಅಮ್ಮಾ, ಎಲ್ಲಾ ನನ್ನ ಮೇಲೆ ಹಾಕ್ಬಿಡಿ. ನಾನು ಗುಬ್ಬಿ, ಹಾರಿ ಹೋಗ್ತೀನಿ. ನಾಲ್ಕು ತಿಂಗಳಾದ ಮೇಲೆ ಪಾರಿವಾಳ ಅಂತ ಹೆಸರಿಟ್ಕೊಂಡು ವಾಪಸ್ ಬರ್ತೀನಿ. ನಿಮ್ಮ ಹೆಸರು ಕೆಡಬಾರ್ದು.”

“ಬಾಯ್ಮುಚ್ಚಪ್ಪ” ಎಂದು ಫೋನು ಇಟ್ಟರು. ಇಟ್ಟ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು ಎಂದು ಯಜಮಾನರು ಹೇಳುತ್ತಾರೆ. ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಅವರು ಹೇಳುತ್ತಾರೆ. ಅಂದು ಆ ಮನೆಯಲ್ಲಿ ಈರುಳ್ಳಿ ಇರಲಿಲ್ಲ. ತರಬೇಕಾಗಿದ್ದವರು ಆಲೂಗಡ್ಡೆ ಚೀಲದ ಮೇಲೆ ಕೂತಿದ್ದರಲ್ಲ.

ಮರುದಿನ ಹನ್ನೊಂದಕ್ಕೆ ಒಬ್ಬ ಅಧಿಕಾರಿ ಬಂದರು. ಊರೂರಿನ ಔಷಧಿ ಅಂಗಡಿಗಳಿಗೆ ಚೀಟಿ ಮಷೀನು ಮಾರುವ ದೊಡ್ಡ ಕಂಪನಿಯವರು. ಅಲ್ಲಿ ಅವರ ಹುದ್ದೆ ‘ನಂಬಿಕೆ ವಿಭಾಗದ ಮುಖ್ಯಸ್ಥ’. ಬಹಳ ಮರ್ಯಾದಸ್ಥ ಮನುಷ್ಯ. ಶೂ ಕಳಚಿ ಜೋಡಿಸಿಟ್ಟು ಒಳಗೆ ಬಂದರು. ಅವರ ಕೈಯಲ್ಲಿ ಎರಡು ಹಾಳೆಗಳಿದ್ದವು. ಒಂದು, ಸಾರ್ವಜನಿಕರಿಗೆ ಹೊರಡಿಸುವ ಹೇಳಿಕೆ. ಇನ್ನೊಂದು, ಕತ್ತರಿಯ ಬೀಗದ ಕೈಯನ್ನು ಕಂಪನಿಗೆ ಒಪ್ಪಿಸುವ ಪತ್ರ.

“ನೀವು ಒಂದು ಸಹಿ ಹಾಕಿದ್ರೆ ಸಾಕು ಮೇಡಂ. ಉಳಿದಿದ್ದು ನಾವು ನೋಡ್ಕೋತೀವಿ.”

ಅಲ್ಪವಿರಾಮದಮ್ಮ ಹೇಳಿಕೆಯನ್ನು ಜೋರಾಗಿ ಓದಿದರು: “‘ತಾಂತ್ರಿಕ ಕಾರಣಗಳಿಂದ ಕೆಲವು ಚೀಟಿಗಳಲ್ಲಿ ದೋಷ ಕಂಡುಬಂದಿದ್ದು, ಹೊರಗಿನ ಅಪರಿಚಿತ ವ್ಯಕ್ತಿಯೊಬ್ಬರಿಂದ ಸದರಿ ಬದಲಾವಣೆ ಸೇರ್ಪಡೆಗೊಂಡಿರುವುದು ಗಮನಕ್ಕೆ ಬಂದಿರುತ್ತದೆ.’” ಕನ್ನಡಕ ಇಳಿಸಿ ನೋಡಿದರು. “ದೋಷ ಕಂಡುಬಂತು ಅಂದ್ರೇನ್ರೀ? ಎಲ್ಲಿಂದ ಬಂತು? ನಡ್ಕೊಂಡು ಬಂತಾ, ಲಿಫ್ಟಲ್ಲಿ ಬಂತಾ?”

“ಲಿಫ್ಟಲ್ಲಿ ಬಂದಿಲ್ಲ!” ಎಂದು ಒಳಗಿನ ಕೋಣೆಯಿಂದ ಯಜಮಾನರ ದನಿ ಕೇಳಿತು.

“ಅದು ಮೇಡಂ, ಹೇಳಿಕೆ ಅಂದ್ರೆ ಭಾಷೆ ಹಾಗೇ ಇರತ್ತೆ.”

“ಭಾಷೆ ಹಾಗಿಲ್ಲ. ನೀವು ಹಾಗೆ ಮಾಡಿಟ್ಟಿದ್ದೀರಿ. ಇಷ್ಟುದ್ದ ವಾಕ್ಯದಲ್ಲಿ ಕರ್ತೃ ಎಲ್ಲಿ? ಕತ್ತರಿ ಕೇಳೋಕೆ ಬಂದಿದ್ದೀರಿ, ಕರ್ತರಿ ಪ್ರಯೋಗ ಗೊತ್ತಿಲ್ಲ.” ಕೆಂಪು ಪೆನ್ನು ಆಗಲೇ ಕೆಲಸ ಶುರು ಮಾಡಿತ್ತು. “‘ಸೇರ್ಪಡೆಗೊಂಡಿರುವುದು’. ಅದೇ ಹೋಗಿ ಸೇರ್ಕೊಳ್ತಾ? ಸೇರಿಸಿದವಳು ನಾನು. ಇರಲಿ, ನಿಮ್ಮನ್ನ ಒಂದು ಮಾತು ಕೇಳ್ತೀನಿ. ಹೊಸ ಕತ್ತರಿಯನ್ನ ನಿಮ್ಮ ಮಷೀನಿಗೆ ಹಾಕ್ಕೊಂಡ್ರಲ್ಲ, ಹಾಕೋ ಮುಂಚೆ ನಿಮ್ಮಲ್ಲಿ ಯಾರಾದ್ರೂ ಓದಿದ್ರಾ?”

ಅಧಿಕಾರಿಯವರು ತಮ್ಮ ಕಾಲುಚೀಲ ನೋಡಿಕೊಂಡರು. “ನೀವು ಓದಿರ್ತೀರಿ ಅಂತ ನಂಬಿದ್ವಿ ಮೇಡಂ. ನಿಮ್ಮ ಹೆಸರಿತ್ತಲ್ಲ.”

“ನೋಡಿ ಮತ್ತೆ. ನಾನು ಗುಬ್ಬಿಯನ್ನ ನಂಬಿದೆ. ನೀವು ನನ್ನ ನಂಬಿದ್ರಿ. ಅಂಗಡಿಯೋನು ನಿಮ್ಮನ್ನ ನಂಬಿದ. ಇವರು ಡಬ್ಬಿಯನ್ನ ನಂಬಿದ್ರು. ಇಷ್ಟು ಜನ ಸಾಲಾಗಿ ನಿಂತು ನಂಬಿದ್ವಿ, ಒಬ್ಬರೂ ಓದ್ಲಿಲ್ಲ.”

“ಅದಕ್ಕೇ ಹೇಳ್ತಿರೋದು, ಬೀಗದ ಕೈ ನಮಗೆ ಕೊಟ್ಬಿಡಿ ಅಂತ.”

“ಕೊಟ್ರೆ ಯಾರು ಓದ್ತಾರೆ? ಹೆಸರು ಹೇಳಿ.”

“ಅದಕ್ಕೊಂದು ತಂಡ ಇರತ್ತೆ.”

“ತಂಡಕ್ಕೆ ಕಣ್ಣೆಲ್ಲಿರತ್ತೆ ಸ್ವಾಮಿ? ನಿಮಗಿದೆ, ನನಗಿದೆ. ನನ್ನದಕ್ಕೆ ಪೊರೆ ಬೇರೆ ಬರ್ತಿದೆ.”

ಸಂಜೆಯೊಳಗೆ ತಿಳಿಸಿ ಎಂದು ಅಧಿಕಾರಿಯವರು ಎದ್ದರು. ಕೆಂಪಾಗಿ ಹೋಗಿದ್ದ ತಮ್ಮ ಹಾಳೆಯನ್ನು ತೆಗೆದುಕೊಂಡು ಹೋಗುವುದೋ ಬಿಡುವುದೋ ತಿಳಿಯದೆ ಒಂದು ಕ್ಷಣ ನಿಂತು, ಬಿಟ್ಟು ಹೋದರು.

ಅಲ್ಪವಿರಾಮದಮ್ಮ ಆ ಹಾಳೆಯ ಹಿಂಬದಿಯಲ್ಲಿ ತಮ್ಮ ಹೇಳಿಕೆ ಬರೆಯತೊಡಗಿದರು. ‘ಈ ಬದಲಾವಣೆಯನ್ನು ಗುಬ್ಬಿ ಬರೆದರು’ ಎಂಬುದು ಸಲೀಸಾಗಿ ಬಂತು. ‘ಅದನ್ನು ನಾನು’ ಎಂದು ಬರೆದರು; ಪೆನ್ನು ನಿಂತಿತು. ಕಿಟಕಿಯ ಹೊರಗೆ ಯಾರೋ ಕಂಬಳಿ ಕೊಡವುತ್ತಿದ್ದರು. ಹೇಳಿಕೊಟ್ಟ ಪಾಠವನ್ನು ತಾವೇ ತಪ್ಪು ಒಪ್ಪಿಸಿದ ಮೇಷ್ಟ್ರ ಹಾಗೆ ಅವರು ಕೂತೇ ಇದ್ದರು. ಯಜಮಾನರು ಗೋಡೆ ಹಿಡಿದುಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು.

“ನಿನಗೆ ಒಂದು ವಿಷಯ ಹೇಳಿಲ್ಲ ಕಣೇ. ನಲವತ್ತು ವರ್ಷ ಆಯ್ತು.”

“ಈಗ್ಯಾಕೆ ರೀ ಹೆದರಿಸ್ತೀರಿ?”

“ಒಂದು ದೊಡ್ಡ ಕಟ್ಟಡ. ಬಿಸಿಲು, ಹಸಿವು ಬೇರೆ. ಕೆಳಗೇ ನಿಂತು ‘ಸರಿ ಇದೆ’ ಅಂತ ಸಹಿ ಹಾಕಿ ಊಟಕ್ಕೆ ಹೋದೆ. ಮೊದಲ ತುತ್ತೇ ಇಳೀಲಿಲ್ಲ. ತಟ್ಟೆ ಬಿಟ್ಟು ವಾಪಸ್ ಹೋದೆ. ಹನ್ನೊಂದು ಮಹಡಿ ಮೆಟ್ಟಿಲು ಹತ್ತಿ ಮೇಲಿಂದ ಹಗ್ಗ ನೋಡಿ ಬಂದೆ.”

“ಮೆಟ್ಟಿಲು ಯಾಕೆ ಹತ್ತಿದ್ರಿ? ಲಿಫ್ಟಿತ್ತಲ್ಲ.”

“ಲಿಫ್ಟನ್ನ ಯಾರೂ ತಪಾಸಣೆ ಮಾಡಿರ್ಲಿಲ್ವಲ್ಲೇ!”

ಅಲ್ಪವಿರಾಮದಮ್ಮ ಎರಡು ದಿನದಲ್ಲಿ ಮೊದಲ ಸಲ ನಕ್ಕರು. ಆ ನಗು ಐದನೇ ಮಹಡಿಗೂ ಕೇಳಿ, ಅಲ್ಲಿನ ಮಗು ಎದ್ದು ಕೂತಿತಂತೆ. ನಗು ಮುಗಿದ ಮೇಲೆ ಪೆನ್ನು ತಾನೇ ಮುಂದೆ ಹೋಯಿತು. ‘ಅದನ್ನು ನಾನು ಓದಲಿಲ್ಲ. ಓದದೆ, ಓದಿದೆ ಎಂದು ಬರೆದೆ. ನೀವು ಅದನ್ನು ನಂಬಿದಿರಿ. ಒಬ್ಬ ಮನುಷ್ಯ ನಾಲ್ಕು ದಿನ ಎರಡರಷ್ಟು ಮಾತ್ರೆ ನುಂಗಿದರು. ತಪ್ಪು ನನ್ನದು.’ ಕೆಳಗೆ ಅಲ್ಪವಿರಾಮ ಎಂದು ಬರೆಯದೆ, ಹೆತ್ತವರು ಇಟ್ಟ ಹೆಸರನ್ನು ಪೂರ್ತಿ ಬರೆದು ಲೋಕಕ್ಕೆ ಕಳಿಸಿದರು.

ಎರಡು ವಾರದಲ್ಲಿ ಮುನ್ನೂರು ಕಾಗದ ಬಂದವು. ಬೈದವರಿದ್ದರು, ಚೆನ್ನಾಗಿಯೇ ಬೈದಿದ್ದರು. ಅದರಲ್ಲಿ ಕಾಗುಣಿತ ಸರಿಯಿದ್ದವರಿಗೆ ಮೊದಲು ಉತ್ತರ ಹೋಯಿತು. ಬೇರೆ ಬೇರೆ ಊರಿನ ಅಂಗಡಿಗಳಿಗೆ ಅರವತ್ತೆರಡು ಡಬ್ಬಿಗಳು ವಾಪಸ್ ಬಂದವು, ಪುಣ್ಯಕ್ಕೆ ಯಾರಿಗೂ ಹೆಚ್ಚಿನ ತೊಂದರೆಯಾಗಿರಲಿಲ್ಲ. ಒಬ್ಬರು ಮಾತ್ರ ಅವರು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು: ‘ಹಾಗಾದರೆ ನಿಮ್ಮ ಉಳಿದ ನಾಲ್ಕು ಸಾವಿರವನ್ನು ಹೇಗೆ ನಂಬುವುದು?’ ಅಲ್ಪವಿರಾಮದಮ್ಮ ಒಂದು ದಿನ ಪೂರ್ತಿ ಯೋಚಿಸಿ ಉತ್ತರ ಬರೆದರು: ‘ನಂಬಬೇಕಾಗಿಲ್ಲ. ಕತ್ತರಿ ಬಿಚ್ಚಿಟ್ಟೇ ಇದೆ. ಬಂದು ಓದಿ.’

ಆಗ ಒಂದು ವಿಚಿತ್ರ ನಡೆಯಿತು. ಜನ ನಿಜವಾಗಿಯೂ ಬಂದು ಓದಿದರು. ಇಪ್ಪತ್ತೆರಡು ವರ್ಷ ಎಲ್ಲರೂ ಬಳಸಿ, ತಿದ್ದಿ ಕಳಿಸುವ ಕೆಲವರು ಬಿಟ್ಟರೆ ಯಾರೂ ತೆರೆಯದಿದ್ದ ಕತ್ತರಿಯನ್ನು ಆ ತಿಂಗಳು ಎಂಬತ್ತು ಜನ ಓದಿದರು, ಇನ್ನೂ ಮೂರು ಹಳೆಯ ತಪ್ಪು ಹಿಡಿದು ಕೊಟ್ಟರು.

ಬೀಗದ ಕೈಯನ್ನು ಅಲ್ಪವಿರಾಮದಮ್ಮ ಮೂರು ಪಾಲು ಮಾಡಿದರು. ಒಂದು ತಮಗೆ, ಒಂದು ಗುಬ್ಬಿಗೆ, ಮೂರನೆಯದು ಆ ಅಧಿಕಾರಿಗೆ. ಕಂಪನಿಗೆ ಕೊಡುವುದಿಲ್ಲ, ಸ್ವಂತ ಹೆಸರಿನ ಮನುಷ್ಯನಿಗಾದರೆ ಕೊಡುತ್ತೇನೆ ಎಂದು ಹಟ ಹಿಡಿದರು. ಕಂಪನಿಗೆ ಬೇರೆ ದಾರಿಯಿರಲಿಲ್ಲ. ಅಧಿಕಾರಿಯವರಿಗೆ ಒಳಗೊಳಗೇ ಆಸೆಯೂ ಇತ್ತು. ಎಷ್ಟೋ ವರ್ಷದಿಂದ ‘ಕಂಡುಬಂದಿದೆ’ ಎಂದು ಬರೆದೂ ಬರೆದೂ ಅವರಿಗೆ ತಮ್ಮ ಹೆಸರೇ ಮರೆಯುವ ಸ್ಥಿತಿಯಾಗಿತ್ತು. ಇನ್ನು ಮುಂದೆ ಯಾವ ತಿದ್ದುಪಡಿಯೂ ಒಬ್ಬರು ಬರೀ ಕಣ್ಣಲ್ಲಿ ಓದಿದ ಮಾತ್ರಕ್ಕೆ ಒಳಗೆ ಹೋಗುವಂತಿಲ್ಲ. ಹಳೆಯ ಅಚ್ಚುಕೂಟಗಳಲ್ಲಿ ಒಬ್ಬರು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದರು. ಅದೇ ಪದ್ಧತಿ ಮತ್ತೆ ಬಂತು.

ಹೀಗಾಗಿ ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಮೂವರೂ ಫೋನಿನಲ್ಲಿ ಕೂಡುತ್ತಾರೆ. ಗುಬ್ಬಿ ಓದಿದರೆ ಫೋನು ಮೇಜಿನ ಮೇಲೆ ನಡುಗುತ್ತ ಅಂಚಿಗೆ ಸರಿಯುತ್ತದೆ, ಆಗಾಗ ಹಿಡಿದು ನಡುವೆ ಇಡಬೇಕು. ಅಧಿಕಾರಿಯವರು ಮೊದಮೊದಲು ಸುದ್ದಿ ಓದುವವರ ಹಾಗೆ ಓದುತ್ತಿದ್ದರು. ಅಂಕಿ, ಆವರಣ, ಚುಕ್ಕೆ ಒಂದೂ ಬಿಡದೆ ಬಾಯಿಬಿಟ್ಟು ಹೇಳಬೇಕು ಎಂದು ಬೈಸಿಕೊಂಡ ಮೇಲೆ ದಾರಿಗೆ ಬಂದರು. ಐದು ಸಾಲಿಗೆ ಅರ್ಧ ಗಂಟೆ ಹಿಡಿಯುತ್ತದೆ. ಲೋಕಕ್ಕೆ ಅವಸರವಿದ್ದರೆ ಲೋಕ ಬೇರೆ ಕತ್ತರಿ ನೋಡಿಕೊಳ್ಳಲಿ ಎಂಬುದು ಅಲ್ಪವಿರಾಮದಮ್ಮನ ನಿಲುವು.

ಮೊನ್ನೆ ಮಂಗಳವಾರ ಅವರು ತಾವೇ ಬರೆದದ್ದೊಂದು ಇತ್ತು. ಅಧಿಕಾರಿಯವರು ಓದುತ್ತ ಓದುತ್ತ ಹದಿನೇಳನೇ ಸಾಲಿಗೆ ಬಂದು ನಿಂತರು. ಗಂಟಲು ಸರಿಮಾಡಿಕೊಂಡರು.

“ಮೇಡಂ, ತಪ್ಪು ತಿಳೀಬೇಡಿ. ಇಲ್ಲಿ ಒಂದು ಆವರಣ ತೆರೆದಿದೆ. ಮುಚ್ಚಿಲ್ಲ.”

ಫೋನಿನಲ್ಲಿ ಗುಬ್ಬಿ “ಅಯ್ಯೋ” ಎಂದದ್ದು ಕೇಳಿಸಿತು.

ಅಲ್ಪವಿರಾಮದಮ್ಮ ಪರದೆಗೆ ಮೂಗು ತಾಗಿಸಿ ನೋಡಿದರು. “ಯಾವ ಸಾಲು ಅಂದ್ರಿ? ಇನ್ನೊಂದ್ಸಲ ಓದಿ.”

ಅಧಿಕಾರಿಯವರು ಓದಿದರು. ಮುಚ್ಚಿರಲಿಲ್ಲ.

“ಏನಾಯ್ತೇ?” ಎಂದು ಯಜಮಾನರು ಅಡುಗೆಮನೆಯಿಂದ ಚಹಾ ಲೋಟ ಹಿಡಿದು ಬಂದರು.

“ನನ್ನ ತಪ್ಪೊಂದು ಹಿಡಿದ್ರು ರೀ!” ಎಂದರು ಅಲ್ಪವಿರಾಮದಮ್ಮ, ಮಗಳಿಗೆ ಬಹುಮಾನ ಬಂದ ಸುದ್ದಿ ಹೇಳುವ ದನಿಯಲ್ಲಿ. ಆಮೇಲೆ ಫೋನಿಗೆ, “ನಿಲ್ಲಿಸ್ಬೇಡಿ, ಮುಂದೆ ಓದಿ. ಇನ್ನೂ ಇರ್ಬಹುದು” ಎಂದು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.